ರೋಗಿಗಳೆಲ್ಲ ಬರಬೇಕಾಗಿ ವಿನಂತಿ

ನಮ್ಮ ಹರಪನಹಳ್ಳಿಯ ಬಸ್ ನಿಲ್ದಾಣದಲ್ಲಿ ಕುಶಲಪ್ರಶ್ನೆಯೆಂದರೆ ಸಕ್ಕರೆಯ ಪ್ರಮಾಣ ವಿಚಾರಿಸುವುದೇ. ನನ್ನ ಮುಂಜಾನೆಯ ಶುಗರ್ ಎಷ್ಟೆಂಬುದು ಕೊಟ್ಟೂರಿನ ಬಸ್ಸು ಹೊರಡುವ ಮೊದಲೇ ಕಂಡಕ್ಟರಿಗೂ ತಿಳಿದಿರುತ್ತದೆ, ತಿಳಿಸುವವನು ನಾನೇ. ಮಧುಮೇಹ ನಮ್ಮಲ್ಲಿ ಒಂದು ಸಾಮಾಜಿಕ ಪದವಿ. ಆದರೆ ಎಲ್ಲ ವ್ಯಾಧಿಗಳಿಗೂ ಈ ಭಾಗ್ಯವಿಲ್ಲವೆಂಬುದನ್ನು, ನಮ್ಮ ತಾಲ್ಲೂಕಿನದೇ ಆದ ಅರಸೀಕೆರೆಯಲ್ಲಿ ಚಹಾ, ಮಿರ್ಚಿಯ ಹೋಟೆಲು ನಡೆಸುವ ನನ್ನ ತಮ್ಮ ಕೊಟ್ರೇಶನಿಂದ ಕಲಿತೆ. ಅವನಿಗೆ ಕ್ಷಯ ಬಂದು, ಗುಳಿಗೆ ನುಂಗಿ ಪೂರ್ತಿ ಗುಣವಾಗಿತ್ತು. ಆಸ್ಪತ್ರೆಯವರನ್ನು ಬಿಟ್ಟರೆ ಗೊತ್ತಿದ್ದುದು ನನಗೊಬ್ಬನಿಗೇ. ಊರಿಗೆ ತಿಳಿದರೆ ಅವನ ಲೋಟಕ್ಕೆ ಯಾರೂ ತುಟಿ ಹಚ್ಚುವುದಿಲ್ಲ, ಹೋಟೆಲು ಮುಚ್ಚಬೇಕಾದೀತು ಎಂದು ಇಬ್ಬರಿಗೂ ಭಯ.

ಹೀಗಿರುವಾಗ ಸಂಶೋಧಕರು ಯಾರೋ ನಮ್ಮ ಭಾಗದ ಕ್ಷಯರೋಗಿಗಳ ದಾಖಲೆ ಕೇಳಿದರು. ಕೊಡಬೇಕೋ ಬೇಡವೋ ಎಂಬುದನ್ನು ರೋಗಿಗಳನ್ನೇ ಕೇಳಿ ನಿರ್ಧರಿಸೋಣವೆಂದು ಅರಸೀಕೆರೆ ಆಸ್ಪತ್ರೆಯ ಹೊಸ ಡಾಕ್ಟರಮ್ಮ ಹೊರಟರು. ಉದ್ದೇಶ ಉದಾತ್ತವೇ. ಆದರೆ ಕರೆ ಹೋದದ್ದು ನಮ್ಮ ಪದ್ಧತಿಯಂತೆ: ನೀರು ಬಿಡುವುದನ್ನೂ ದನಗಳ ಲಸಿಕೆಯನ್ನೂ ಸಾರುವ ಆಟೋ ಮೈಕು ಕಟ್ಟಿಕೊಂಡು, ಟಿ.ಬಿ. ರೋಗಿಗಳೆಲ್ಲ ಸಭೆಗೆ ಬರಬೇಕೆಂದು ಓಣಿ ಓಣಿಯಲ್ಲಿ ವಿನಂತಿಸಿತು. ಬಂದವನು, ತಮ್ಮನ ಪರವಾಗಿ ವಿಷಯ ತಿಳಿಯಲು ಹೋದ ನಾನೊಬ್ಬನೇ, ಅದೂ ತಪ್ಪು ರೋಗದವನು. ಖಾಲಿ ಕುರ್ಚಿಗಳ ನಡುವೆ ನಿಷಿದ್ಧ ಬಿಸ್ಕತ್ತುಗಳನ್ನು ಮೆಲ್ಲುತ್ತ ಡಾಕ್ಟರಮ್ಮನ ಪೆಚ್ಚುಮೋರೆ ನೋಡಿದೆ. ಮುಂದಿನ ವಾರ ಆಟೋದ ರಾಗ ಬದಲಾಗಿತ್ತು.

"ರೋಗ ಇದ್ದೋರೂ ಬರ್ರಿ, ಇಲ್ಲದೋರೂ ಬರ್ರಿ."

ಊರಿಗೆ ಊರೇ ಬಂತು, ಕೊಟ್ರೇಶನೂ ಬಂದ. ದಾಖಲೆಯಿಂದ ಹೆಸರು ತೆಗೆದೇ ಕೊಡುತ್ತೇವೆಂದು ಡಾಕ್ಟರಮ್ಮ ಅಭಯವಿತ್ತಾಗ ಅವನು ಎದ್ದು ನಿಂತ. ಗುಟ್ಟು ತಾನೇ ಬಿಚ್ಚಿಬಿಡುತ್ತಾನೇನೋ ಎಂದು ನಾನು ಅವನ ಅಂಗಿಯ ಚುಂಗು ಹಿಡಿದೆಳೆದೆ.

"ಹೆಸರು ತೆಗೀತೀರಿ, ಸರಿ. ಊರು, ಉದ್ಯೋಗ ಹಂಗ ಬಿಟ್ರ ಹೆಂಗ್ರಿ? ಅರಸೀಕೆರಿ ಪೋಸ್ಟ್‌ಮ್ಯಾನ್ ಅಂದ್ರ ಇರೋನು ಒಬ್ಬನ."

ಹಿಂದಿನ ಸಾಲಿನಲ್ಲಿದ್ದ ಪೋಸ್ಟ್‌ಮ್ಯಾನ್ ಗಾಬರಿಯಿಂದ, ತನಗೇನೂ ಆಗಿಲ್ಲವೆಂದು ಅಕ್ಕಪಕ್ಕದವರಿಗೆಲ್ಲ ನಿವೇದಿಸತೊಡಗಿದ. ಸಭೆ ನಕ್ಕಿತು, ನಗುತ್ತಲೇ ಪ್ರತಿಯೊಬ್ಬರೂ ಆ ಜಾಗದಲ್ಲಿ ತಮ್ಮನ್ನು ಕಂಡುಕೊಂಡರು. ಊರು, ಉದ್ಯೋಗ ಎರಡನ್ನೂ ಅಳಿಸುವುದು, ಒಲ್ಲದವರು ನರ್ಸಿಗೆ ಗುಟ್ಟಾಗಿ ಹೇಳಿದರೆ ಅವರದನ್ನು ಕೊಡದಿರುವುದು, ಮುಂದೆಯೂ ಜನರನ್ನು ಕೇಳಿಯೇ ಕೊಡುವುದು ಎಂದು ಗೊತ್ತುವಳಿಯಾಯಿತು. ನನಗೆ ಹೋದ ಜೀವ ಬಂದಂತಾಯಿತು.

ಹೊರಗೆ ಬಂದಾಗ, ನರ್ಸಿಗೆ ಒಲ್ಲೆನೆಂದು ಹೇಳಿದೆಯಾ ಎಂದು ತಮ್ಮನ ಕಿವಿಯಲ್ಲಿ ಕೇಳಿದೆ.

"ಇಲ್ಲಣ್ಣ, ನಂದು ಕೊಡ್ಲಿ. ಅದರಿಂದ ಮತ್ತೊಬ್ರಿಗೆ ಲಗೂ ಗುಣ ಆದ್ರ ಆಗ್ಲಿ."

ಬಚ್ಚಿಡುವ ಹಕ್ಕಿನ ಬಗ್ಗೆಯೇ ಚಿಂತಿಸುತ್ತಿದ್ದ ನನಗೆ, ಕೊಡುವ ಹಕ್ಕೂ ಅವನದೇ ಎಂಬುದು ಹೊಳೆದೇ ಇರಲಿಲ್ಲ.

ಮರುದಿನ ಬೆಳಿಗ್ಗೆ ಅವನ ಹೋಟೆಲಿನಲ್ಲಿ ಕೂತಿದ್ದೆ. ಗುಣವಾದ ಮೇಲೂ ಕೆಮ್ಮು ಬಂದರೆ ಹಿತ್ತಲಿಗೆ ಓಡುತ್ತಿದ್ದವನು, ಅಂದು ಮೆಣಸಿನಕಾಯಿಯ ಘಾಟಿಗೆ ಗಿರಾಕಿಗಳೆದುರೇ ಮುಖ ತಿರುಗಿಸಿ, ಮೊಣಕೈ ಅಡ್ಡ ಹಿಡಿದು, ಮನಸಾರೆ ಕೆಮ್ಮಿದ. ಯಾರೂ ತಲೆ ಎತ್ತಲಿಲ್ಲ. ಪೋಸ್ಟ್‌ಮ್ಯಾನ್ ಮಾತ್ರ ಕಣ್ಣೊರೆಸಿಕೊಳ್ಳುತ್ತ, ಮಿರ್ಚಿ ಖಾರ ಐತಿ, ಇನ್ನೊಂದು ಪ್ಲೇಟ್ ಕೊಡು ಎಂದ.