ಎಮ್ಮೆಗೆ ತಂಪು, ನನಗೆ ಬಿಸಿಲು

ಹವೆಯ ವಿಷಯದಲ್ಲಿ ನನ್ನ ಜೊತೆ ವಾದಕ್ಕೆ ಬರಬೇಡಿ, ಸೋಲುತ್ತೀರಿ. ಹೋಳಿ ಹುಣ್ಣಿಮೆ ದಾಟಿತೆಂದರೆ ನಮ್ಮ ಶೇಡಬಾಳದಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: "ಏನ್ ಬಿಸಲ ಐತ್ರಿ ಈ ವರ್ಷ!" ಪ್ರತಿ ವರ್ಷವೂ ಆ ವರ್ಷದ ಬಿಸಿಲೇ ಹೆಚ್ಚು. ನಿಪ್ಪಾಣಿ ಕಡೆಯ ಬೀಗರಂತೂ ಬೇಸಿಗೆಯ ಲಗ್ನಕ್ಕೆ ಬಂದರೆ ಅಕ್ಷತೆ ಬೀಳುವುದೇ ತಡ, ಗಬಗಬ ಉಂಡು ಬಸ್ಸು ಹತ್ತುತ್ತಾರೆ. ನಾನು ಮಾತ್ರ ಆ ದಿನಗಳಲ್ಲಿ ಅರಳುತ್ತೇನೆ. ತಂಪು ಹವೆ ಎಂದರೆ ಆರೋಗ್ಯ, ಬಿಸಿಲೆಂದರೆ ರೋಗ ಎಂದು ನಂಬಿದ ಮನೆಮಂದಿಗೆ ನನ್ನ ಮಾತು ಒಪ್ಪಿಸಲು ಒಂದು ಹಟಮಾರಿ ಎಮ್ಮೆಯೇ ಬೇಕಾಯಿತು.

ಎಮ್ಮೆ ನನ್ನದು. ಮದುವೆಯಾದ ಮರುವರ್ಷ ಕರೋಶಿಯಿಂದ ಅಪ್ಪ ಕರುವಾಗಿ ಕಳಿಸಿದ್ದ. ನಾನೇ ಮೇವು ಹಾಕಿ, ಮೈ ತೊಳೆದು, ಉಣ್ಣಿ ಕಿತ್ತು ಬೆಳೆಸಿದೆ. ಅದಕ್ಕೆ ಪ್ರತಿಯಾಗಿ ಅದು ನನ್ನನ್ನು ಜೀವಮಾನದ ಗುಲಾಮಳನ್ನಾಗಿ ಮಾಡಿಕೊಂಡಿತು. ನನ್ನ ಕೈ ಬಿಟ್ಟು ಬೇರೆ ಯಾರ ಕೈಗೂ ಹಾಲಿಳಿಸುತ್ತಿರಲಿಲ್ಲ. ಸೋದರ ಸಂಬಂಧಿಗಳ ಮದುವೆಯಿದ್ದರೂ ನಾನು ಸಂಜೆಯೊಳಗೆ ಮನೆ ಸೇರಬೇಕು. ಊರಲ್ಲಿ ಎಲ್ಲರ ಎಮ್ಮೆಗಳೂ ಮಳೆಗಾಲ ಮುಗಿಯುವ ಹೊತ್ತಿಗೆ ಈದರೆ ಇದು ಸುಡುವ ಬೇಸಿಗೆಯಲ್ಲಿ ಈಯುತ್ತಿತ್ತು. ಈದ ಮೇಲೆ ಬಿಸಿಲು ತಡೆಯಲಾರದೆ ಏದುಸಿರು ಬಿಟ್ಟು ನನ್ನನ್ನೇ ದುರುಗುಟ್ಟಿ ನೋಡುತ್ತಿತ್ತು, ತಪ್ಪೆಲ್ಲ ನನ್ನದೇ ಎನ್ನುವಂತೆ.

ಎರಡು ಸಾವಿರದ ಹತ್ತರ ಆಸುಪಾಸು, ಕಿರಿಯ ಮಗಳು ಶಾಲೆಗೆ ಹೋಗತೊಡಗಿದ ವರ್ಷ, ನನ್ನ ಕೈಗಳು ಮುಷ್ಕರ ಹೂಡಿದವು. ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಬಾರದು. ಗಂಟುಗಳು ಊದಿ ಬಳೆ ಏರಿಸುವುದೂ ಕಷ್ಟ. ಮಿರಜಿನ ಡಾಕ್ಟರು ನೋಡಿ ಸಂಧಿವಾತ ಎಂದರು. ಗುಳಿಗೆ ಬಿಡಬಾರದು, ಕೈ ಬೆಚ್ಚಗಿಡಬೇಕು, ದಿನಾ ಬೆರಳು ಆಡಿಸಬೇಕು ಎಂದು ಹೇಳಿದರು. ಹವೆಯಿಂದ ಈ ರೋಗ ಬರುವುದೂ ಇಲ್ಲ, ಹೋಗುವುದೂ ಇಲ್ಲ, ಆದರೆ ಚಳಿಯಲ್ಲಿ ಕೆಲವರಿಗೆ ಬಿಗಿತ ಹೆಚ್ಚುತ್ತದೆ ಎಂದೂ ಸೇರಿಸಿದರು. ನನ್ನ ಕೈ ಆ ಕೆಲವರ ಸಾಲಿನಲ್ಲಿ ಮುಂದೆಯೇ ಕೂತಿತ್ತು. ದಸರೆಯ ನಂತರ ಗಾಳಿ ತಿರುಗಿತೋ ಇಲ್ಲವೋ, ಎಮ್ಮೆಯ ಮೊಲೆ ಹಿಡಿದರೆ ಕಣ್ಣಲ್ಲಿ ನೀರು ಬರತೊಡಗಿತು.

ಆಗ ನಮ್ಮ ಅತ್ತೆ ಒಂದು ಉಪಾಯ ಹೇಳಿದರು. ಅವರು ಹೇಳಿದ್ದು ಗಂಡನಿಗೆ, ನಾನು ಪಕ್ಕದಲ್ಲಿ ಕೂತಿದ್ದೆ.

"ಎಮ್ಮಿ ಮುಖಾ ನೋಡಾಂಗಿಲ್ಲ, ವಾಸನಿ ಹಿಡಿತೈತಿ. ಅಕಿ ಸೀರಿ ಉಟಗೊಂಡ ಕುಂಡ್ರು ನೀ."

ನನ್ನ ಗಂಡ ಸಕ್ಕರೆ ಕಾರ್ಖಾನೆಯ ಆಫೀಸಿನಲ್ಲಿ ನೌಕರಿ ಮಾಡುವವರು, ಇಸ್ತ್ರಿ ಅಂಗಿಯ ಮನುಷ್ಯ. ಆದರೂ ತಾಯಿಯ ಮಾತು ಮೀರದೆ ಪ್ಯಾಂಟಿನ ಮೇಲೆಯೇ ನನ್ನ ಹಳೆಯ ಇಳಕಲ್ ಸೀರೆ ಸುತ್ತಿಕೊಂಡು, ಸೆರಗನ್ನು ತಲೆಯ ಮೇಲೆ ಹೊದ್ದು, ಚರಿಗೆ ಹಿಡಿದು ಕೂತರು. ನನ್ನ ಹಾಗೆ ದನಿ ಮಾಡಿ "ಬಾರವ್ವಾ, ಬಾ" ಎಂದೂ ಕರೆದರು. ಎಮ್ಮೆ ನಿಧಾನ ಕತ್ತು ಹೊರಳಿಸಿ ಸೀರೆ ಮೂಸಿತು. ಇನ್ನೊಮ್ಮೆ ಮೂಸಿತು. ಆಮೇಲೆ ಕಾಲೆತ್ತಿ ಚರಿಗೆಯನ್ನು ಅಂಗಳದ ಆಚೆ ಒಗೆಯಿತು. ನೆರೆಮನೆಯವರು ಗೋಡೆಯ ಮೇಲಿಂದ ನೋಡುತ್ತಿದ್ದರೆಂಬುದು ನಗು ಕೇಳಿದಾಗಲೇ ನಮಗೆ ತಿಳಿದದ್ದು. ಸುದ್ದಿ ಕಾರ್ಖಾನೆ ಮುಟ್ಟಿ, ಸಂಗಡಿಗರು ಬಹಳ ದಿನ ಇವರನ್ನು "ವೈನಿ, ಚಾ ಆತೇನ್ರಿ?" ಎಂದು ಅತ್ತಿಗೆಯನ್ನು ಕರೆದಂತೆ ಮಾತಾಡಿಸುತ್ತಿದ್ದರು.

ದೀಪಾವಳಿಯವರೆಗೆ ಹೇಗೋ ನಾನೇ ಅಳುತ್ತ ಹಿಂಡಿದೆ. ಎಮ್ಮೆ ಗಬ್ಬವಾಗಿತ್ತು, ಆಮೇಲೆ ಹಾಲು ಬತ್ತಿಸಿದೆವು. ಆ ದಿನಗಳಲ್ಲೇ ಒಂದು ಸಂಜೆ ಅತ್ತೆ ನನ್ನನ್ನು ಎದುರಿಗೆ ಕೂಡಿಸಿಕೊಂಡರು.

"ನೋಡವಾ, ನಿನ್ನ ಮ್ಯಾಲ ನನಗ ಸಿಟ್ಟಿಲ್ಲ. ಯುಗಾದಿ ಹೊತ್ತಿಗಿ ಎಮ್ಮಿ ಈತೈತಿ. ಅವಾಗ ನಿನ್ನ ಕೈ ಹಿಂಡಾಕ ಬಂದ್ರ ಇರ್ಲಿ. ಬರಲಿಲ್ಲಂದ್ರ ಕರಾ ಸಮೇತ ಕೊಟ್ಟ ಬಿಡೂಣು. ಕೆಚ್ಚಲಾ ಬಿಗದು ಅದು ಒದ್ದಾಡೂದನ್ನ ನನ್ನ ಕಡಿಂದ ನೋಡಾಕ ಆಗಾಂಗಿಲ್ಲ."

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಅದಕ್ಕೇ ಹೆಚ್ಚು ನೋವಾಯಿತು. ಎಮ್ಮೆ ಹೋದರೆ ಮನೆಯಲ್ಲಿ ನನ್ನದು ಎನ್ನುವುದು ಏನೂ ಉಳಿಯುವುದಿಲ್ಲ ಎಂದು ನನಗೆ ಅನಿಸಿತು. ಆ ರಾತ್ರಿ ಊಟ ಸೇರಲಿಲ್ಲ.

ಅಷ್ಟರಲ್ಲಿ ಅಕ್ಕನ ಫೋನು ಬಂತು. ಅಕ್ಕನ ಗಂಡ ಮಿಲಿಟರಿಯಲ್ಲಿದ್ದರು. ಆಗ ಅವರಿಗೆ ಉತ್ತರದ ಗುಡ್ಡಗಾಡಿನ ಒಂದು ದಂಡಿನ ಛಾವಣಿಯಲ್ಲಿ ಕ್ವಾರ್ಟರ್ಸು ಸಿಕ್ಕಿತ್ತು. "ಇಲ್ಲೆ ಬಾ. ನಮ್ಮೂರಾಂಗ ಬರೇ ಬಿಸಲ ಅಲ್ಲ ಇಲ್ಲೆ, ನಾಕು ಋತು ಅದಾವ. ಹಣ್ಣ ತಿನ್ನು, ಆರಾಮ ಇರು, ಕೈ ತಾನ ಚೊಲೋ ಆಗತಾವ" ಎಂದಳು. ಪಂಚಾಂಗದಲ್ಲಿ ಆರು ಋತು, ನಮ್ಮ ಹೊಲದಲ್ಲಿ ಮೂರು ಕಾಲ, ಇವಳದು ಇನ್ನೊಂದು ಲೆಕ್ಕ. ಆದರೆ ಗಂಡ, ಅತ್ತೆ, ತವರಿನವರು ಎಲ್ಲ ಒಂದೇ ಬಾಯಿಂದ ಹೋಗು ಎಂದರು. ಒಳ್ಳೆಯ ಹವೆ ಎಂದರೆ ತಂಪು ಹವೆ ಎನ್ನುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಅವರಿಗೆಲ್ಲ ಗೊತ್ತಿತ್ತು, ಆ ಹೊತ್ತಿಗೆ ನೆನಪಾಗಲಿಲ್ಲ ಅಷ್ಟೇ. ಮಕ್ಕಳನ್ನು ಅತ್ತೆಗೆ ಒಪ್ಪಿಸಿ, ಬಿಟ್ಟುಬರಲು ಹೊರಟ ಗಂಡನ ಜೊತೆ ಮಿರಜಿನಲ್ಲಿ ರೈಲು ಹತ್ತಿದೆ.

ಚಂದವಿತ್ತು, ಸುಳ್ಳು ಹೇಳಬಾರದು. ನಾನು ಹೋದಾಗ ಗಿಡಗಳ ಎಲೆಗಳೆಲ್ಲ ಅರಿಸಿನ ಬಳಿದಂತೆ ಹಳದಿಯಾಗಿ ಉದುರುತ್ತಿದ್ದವು. ಅಕ್ಕನ ಕೆನ್ನೆ ಕೆಂಪಗಾಗಿತ್ತು, ಊರಲ್ಲಿದ್ದಾಗ ಬೇಸಿಗೆ ಬಂದರೆ ತಲೆನೋವೆಂದು ಮಲಗುತ್ತಿದ್ದವಳು ಅಲ್ಲಿ ಏರು ಹಾದಿಯಲ್ಲಿ ಓಡಾಡುತ್ತಿದ್ದಳು. ಅವಳಿಗೆ ಆ ಹವೆ ಒಗ್ಗಿತ್ತು. ಮೊದಲ ಹಿಮ ಬಿದ್ದ ದಿನ ನಾನೂ ಸಣ್ಣ ಹುಡುಗಿಯಂತೆ ಹೊರಗೆ ಓಡಿ ಅಂಗೈಯಲ್ಲಿ ಹಿಡಿದು ಬಾಯಿಗೆ ಹಾಕಿಕೊಂಡೆ. ಏನೂ ರುಚಿಯಿರಲಿಲ್ಲ. ಅಂಗೈ ಮಾತ್ರ ಮರುದಿನದವರೆಗೆ ನೋಯುತ್ತಿತ್ತು.

ಅಲ್ಲಿಂದ ಮುಂದೆ ನನ್ನ ದಿನಗಳು ಬುಖಾರಿಯ ಮುಂದೆ ಕಳೆದವು. ಬುಖಾರಿ ಎಂದರೆ ಕೋಣೆಯ ನಡುವೆ ಇಡುವ ತಗಡಿನ ಒಲೆ. ಮುಂದಿನ ಮೈ ಸುಡುತ್ತದೆ, ಬೆನ್ನು ಕೊರೆಯುತ್ತದೆ. ಗುಳಿಗೆ ತಪ್ಪಿಸಲಿಲ್ಲ, ಬೆರಳಾಡಿಸುವುದನ್ನೂ ಬಿಡಲಿಲ್ಲ. ಆದರೂ ಬೆರಳುಗಳು ಕಟ್ಟಿಗೆಯಾದವು. ಸ್ವೆಟರಿನ ಗುಂಡಿ ಹಾಕಲು ಬಾರದು, ಅಕ್ಕ ಹಾಕಬೇಕು. ಹೆರಳು ಹಾಕಿಕೊಳ್ಳಲು ಬಾರದು, ಅಕ್ಕನೇ ಹಾಕಬೇಕು. ಅವಳು ಒಂದು ದಿನವೂ ಬೇಸರಿಸಲಿಲ್ಲ, ಚಿಕ್ಕಂದಿನಲ್ಲಿ ಮಾಡುತ್ತಿದ್ದ ಹಾಗೆಯೇ ಮೊಣಕಾಲ ಸಂದಿಯಲ್ಲಿ ಕೂಡಿಸಿಕೊಂಡು ಬಾಚುತ್ತಿದ್ದಳು. ನನಗೆ ಮಾತ್ರ ಅವಮಾನ. ಎರಡು ಮಕ್ಕಳ ತಾಯಿ, ಒಂದು ಎಮ್ಮೆಯ ಒಡತಿ, ಸ್ವಂತ ಗುಂಡಿ ಹಾಕಿಕೊಳ್ಳಲಾರೆ!

ಅಲ್ಲಿ ಕೂತು ನಾನು ಯೋಚಿಸಿದ್ದು ನಮ್ಮ ಮಾಳಿಗೆಯನ್ನು. ಹಿಂದಿನ ಬೇಸಿಗೆಯಲ್ಲಿ ಕೈಬೇನೆ ಶುರುವಾಗಿತ್ತು, ಆದರೂ ಕೆಂಪು ಮೆಣಸಿನಕಾಯಿ ಒಣಹಾಕಲು ಮಾಳಿಗೆ ಹತ್ತಿದ ದಿನಗಳಲ್ಲಿ ನಾನು ನೋವನ್ನು ಮರೆತಿದ್ದೆ. ಮರೆತದ್ದಲ್ಲ, ನೋವೇ ಕಡಿಮೆಯಿತ್ತು. ಅದನ್ನು ಆಗ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ನಾನೂ ಸೇರಿ. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಸುಮ್ಮನೆ ಹುಟ್ಟಿದ ಮಾತೇ? ಶಿವರಾತ್ರಿ ಮುಗಿದ ಮರುದಿನ ಗಂಡನಿಗೆ ಫೋನು ಮಾಡಿ, "ಬಂದು ಕರಕೊಂಡ ಹೋಗ್ರಿ" ಎಂದೆ.

ಅಕ್ಕನಿಗೆ ಸಿಟ್ಟು ಬಂತು. "ಇನ್ನೊಂದ ತಿಂಗಳ ತಡಿ, ಹೂವಿನ ಕಾಲ ಬರತೈತಿ. ಈಗ ಊರಿಗಿ ಹೋದ್ರ ಬಿಸಲಾಗ ಸುಟ್ಟ ಹೊಕ್ಕಿ ನೋಡ!"

"ಸುಟ್ಟರ ಸುಡಲಿ ಅಕ್ಕಾ. ಇಲ್ಲೆ ನಾ ಹೆಪ್ಪಗಟ್ಟೇನಿ" ಎಂದೆ. ಇಬ್ಬರೂ ಅತ್ತೆವು. ಆಮೇಲೆ ಅವಳೇ ಸ್ವೆಟರಿನ ಗುಂಡಿ ಹಾಕಿ, ದಾರಿಗೆ ಒಣಹಣ್ಣು ಕಟ್ಟಿ ಕಳಿಸಿದಳು.

ರೈಲು ಗುಡ್ಡ ಇಳಿದು ಬಯಲಿಗೆ ಬಂದಂತೆ ನಾನು ಒಂದೊಂದೇ ಕಳಚತೊಡಗಿದೆ. ಮೊದಲು ಶಾಲು, ಆಮೇಲೆ ಟೊಪ್ಪಿಗೆ, ಆಮೇಲೆ ಸ್ವೆಟರು. ಮಿರಜಿನಲ್ಲಿ ಇಳಿದು ಪ್ಯಾಸೆಂಜರ್ ಹಿಡಿದು ಶೇಡಬಾಳ ಸ್ಟೇಷನ್ನಿಗೆ ಕಾಲಿಟ್ಟಾಗ ನಡು ಮಧ್ಯಾಹ್ನ. ಗಂಡ ನೆರಳು ಹುಡುಕುತ್ತ ಓಡಿದರು. ನಾನು ಪ್ಲಾಟ್‌ಫಾರ್ಮಿನ ಬಿಸಿಲಲ್ಲೇ ನಿಂತು ಎರಡೂ ಕೈ ಚಾಚಿದೆ. "ಏನ್ ಮಾಡಾಕತ್ತೀ?" ಎಂದು ಕೇಳಿದರು. ಬಿಸಲಿನ ಊಟಕ್ಕ ಕೂತೇನಿ ಎಂದೆ.

ಯುಗಾದಿಗೆ ಹೆಚ್ಚು ದಿನ ಉಳಿದಿರಲಿಲ್ಲ. ಅತ್ತೆ ಆಗಲೇ ಎಮ್ಮೆ ದಲ್ಲಾಳಿಗೆ ಮಾತು ಮುಟ್ಟಿಸಿದ್ದರು, ಅದನ್ನು ಮುಚ್ಚಿಡದೆ ನನಗೆ ಹೇಳಿದರು. ಮರುದಿನದಿಂದ ಬೆಳಿಗ್ಗೆ ಹಂಡೆಗೆ ನೀರು ತುಂಬಿ ಅಂಗಳದ ನಡುವೆ ಇಡತೊಡಗಿದೆ. ಬಿಸಿಲೇರಿದಂತೆ ಆ ನೀರು ಕಾಯುತ್ತಿತ್ತು. ಅದರಲ್ಲಿ ಕೈ ಅದ್ದಿ ಬೆರಳು ಮಡಚುವುದು, ಬಿಚ್ಚುವುದು. ಆಮೇಲೆ ಮಾಳಿಗೆ ಹತ್ತಿ ಸಂಡಿಗೆ, ಮೆಣಸಿನಕಾಯಿ, ಜೋಳ ಯಾವುದಾದರೂ ನೆಪ ಮಾಡಿಕೊಂಡು ಕೂಡುವುದು. ಊರೆಲ್ಲ ಬಾಗಿಲು ಹಾಕಿಕೊಂಡು ಮಲಗಿದ್ದಾಗ ನಾನೊಬ್ಬಳೇ ಮೇಲೆ. ಅತ್ತೆ ಕೆಳಗಿನಿಂದ ಕೂಗುತ್ತಿದ್ದರು, "ಹುಚ್ಚ ಗಿಚ್ಚ ಹಿಡದೈತೇನ ಬೇ ನಿನಗ? ತಲಿಮ್ಯಾಗರ ಸೆರಗ ಹಾಕ್ಕೋ!" ಸೆರಗು ಹಾಕಿಕೊಳ್ಳುತ್ತಿದ್ದೆ, ಮಜ್ಜಿಗೆಯನ್ನೂ ಕುಡಿಯುತ್ತಿದ್ದೆ. ಬಿಸಿಲನ್ನು ಪ್ರೀತಿಸಿದರೂ ಅದಕ್ಕೆ ಮರ್ಯಾದೆ ಕೊಡುವುದು ನಮ್ಮ ಕಡೆಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಒಂದು ಮುಂಜಾನೆ ಎದ್ದು ನೋಡಿದರೆ ಹೆಬ್ಬೆರಳು ಕಿರುಬೆರಳನ್ನು ಮುಟ್ಟಿತು. ನಾನು ಯಾರಿಗೂ ಹೇಳಲಿಲ್ಲ, ಬಾಯಿಬಿಟ್ಟರೆ ದೃಷ್ಟಿಯಾದೀತೆಂಬ ಭಯ.

ಎಮ್ಮೆ ಈದದ್ದು ಯುಗಾದಿಗೆ ಇನ್ನೂ ಒಂದೆರಡು ದಿನವಿರುವಾಗ, ಅದೂ ಮಧ್ಯಾಹ್ನ. ಗಂಡ ಕಾರ್ಖಾನೆಯಲ್ಲಿದ್ದರು. ಹೆಣ್ಣು ಕರು. ಅತ್ತೆ ಅದರ ಮೈ ಒರೆಸಿ ಮೊಲೆಗೆ ಹಚ್ಚಿದರು. ಅದು ಒಂದಿಷ್ಟು ಕುಡಿದು ಕಾಲು ನಿಲ್ಲದೆ ಕುಸಿಯಿತು. ಕೆಚ್ಚಲು ಇನ್ನೂ ತುಂಬಿ ಬಿಗಿದಿತ್ತು. ಎಮ್ಮೆ ನಾಲಗೆ ಹೊರಗೆ ಹಾಕಿ ಏದುತ್ತಿತ್ತು. ಅತ್ತೆ ನನ್ನ ಕೈ ನೋಡಿದರು.

ನಾನು ಎಮ್ಮೆಯನ್ನು ಬೇವಿನ ನೆರಳಿಗೆ ಎಳೆದೆ. ಬಾವಿಯ ತಣ್ಣೀರು ಕೊಡಗಟ್ಟಲೆ ಸುರಿದೆ, ಗೋಣಿಚೀಲ ತೋಯಿಸಿ ಬೆನ್ನ ಮೇಲೆ ಹೊದಿಸಿದೆ. ಅದರ ಏದುಸಿರು ಇಳಿಯುವವರೆಗೆ ಕಾದೆ. ಆಮೇಲೆ ಬಿಸಿಲಿನ ಹಂಡೆಯ ಹತ್ತಿರ ಹೋಗಿ ಮೊಣಕೈವರೆಗೆ ಕೈ ಮುಳುಗಿಸಿದೆ. ಅದಕ್ಕೆ ಬೇಕಾದ ಹವೆ ಅದಕ್ಕೆ, ನನಗೆ ಬೇಕಾದದ್ದು ನನಗೆ. ಚರಿಗೆ ಹಿಡಿದು ಕೂತೆ. ಮೊದಲ ಹಿಡಿತಕ್ಕೆ ಏನೂ ಬರಲಿಲ್ಲ. ಎಮ್ಮೆ ಹೊರಳಿ ನನ್ನ ಭುಜ ಮೂಸಿ, ಉಸ್ಸೆಂದು ಉಸಿರು ಬಿಟ್ಟು, ಕಾಲು ಅಗಲಿಸಿ ನಿಂತಿತು. ಎರಡನೆಯ ಸಲ ಬೆರಳುಗಳು ಒಂದರ ಹಿಂದೆ ಒಂದು ಮಡಚಿ ಮುಷ್ಟಿಯಾದವು. ದಪ್ಪನೆಯ ಹಳದಿ ಹಾಲು ಚರಿಗೆಯ ತಳಕ್ಕೆ ಸುರ್ರೆಂದು ಬಡಿಯಿತು. ಹಿಂಡಿದೆ, ಹಿಂಡಿದೆ, ನೋವಿತ್ತು, ಆದರೆ ಕೈ ನನ್ನ ಮಾತು ಕೇಳುತ್ತಿತ್ತು. ನಾನು ಜೋರಾಗಿ ನಕ್ಕುಬಿಟ್ಟೆ. ಅತ್ತೆ ಒಳಗೆ ಹೋಗಿ ಇನ್ನೊಂದು ಚರಿಗೆ ತಂದು ನನ್ನ ಪಕ್ಕ ಇಟ್ಟರು.

ಚಳಿಗಾಲ ಬಂದಾಗ ಕೈ ಈಗಲೂ ತಕರಾರು ಮಾಡುತ್ತದೆ, ಗುಳಿಗೆ ಈಗಲೂ ಇದೆ. ಅಕ್ಕನಿಗೆ ಅವಳ ಹಿಮ ಇರಲಿ, ನನಗೇನೂ ಹೊಟ್ಟೆಕಿಚ್ಚಿಲ್ಲ. ಆದರೆ ಎಮ್ಮೆ ಈದ ಮರುದಿನ ನಡೆದದ್ದನ್ನು ಹೇಳದೆ ಬಿಡಲಾರೆ.

ದಲ್ಲಾಳಿ ಬಂದ, ಎಮ್ಮೆ ಈದ ಸುದ್ದಿ ಅವನಿಗೆ ಹೇಗೋ ಮುಟ್ಟಿತ್ತು. ಹೊತ್ತು ನೆತ್ತಿಯ ಮೇಲಿತ್ತು, ನಾನು ಹಿಂಡುತ್ತ ಕೂತಿದ್ದೆ. ಅವನು ಚಪ್ಪರದ ಕೆಳಗೆ ನಿಂತು ಟವೆಲಿನಿಂದ ಕತ್ತು ಒರೆಸಿಕೊಂಡು, "ಎಮ್ಮಿ ನೋಡಾಕ ಬಂದೀನ್ರಿ ಅವ್ವಾರ" ಎಂದ.

"ನೋಡಿ ಹೋಗು. ಕೊಡಾಂಗಿಲ್ಲ" ಎಂದರು ಅತ್ತೆ. ಬೆಲ್ಲ ಯಾಲಕ್ಕಿ ಹಾಕಿ ಬೇಯಿಸಿದ ಗಿಣ್ಣವನ್ನು ಒಂದು ತಾಟಿನಲ್ಲಿ ಅವನ ಕೈಗಿಟ್ಟರು.

ಅವನು ಪೆಚ್ಚಾಗಿ ನಕ್ಕ. ಎಮ್ಮೆ ಸಿಗದ ಬೇಸರವನ್ನು ಯಾರ ಮೇಲಾದರೂ ಹಾಕಬೇಕಲ್ಲ, ಮೇಲೆ ನೋಡಿ, "ಹಾಳ ಬಿಸಲ್ರಿ ಇದು, ಮನಷ್ಯಾರ ಇರೂ ಹವಾನ ಅಲ್ಲ" ಎಂದ.

ನಾನು ಎಮ್ಮೆಯ ಹೊಟ್ಟೆಯ ಕೆಳಗಿನಿಂದಲೇ ಕೂಗಿದೆ: "ಗಿಣ್ಣ ತಿನ್ರಿ, ನೀರ ಕುಡೀರಿ, ಕುಂಡ್ರಬೇಕಂದ್ರ ಕುಂಡ್ರಿ. ನಮ್ಮ ಅಂಗಳದಾಗ ನಿಂತು ಬಿಸಲಿಗಿ ಮಾತ್ರ ಬೈಬ್ಯಾಡ್ರಿ!"