ಅಣ್ಣನನ್ನು ಕರೆತರಲು ಹೋದದ್ದು

ಲಾಸ್ ಏಂಜಲೀಸ್ ವಿಮಾನ ನಿಲ್ದಾಣಕ್ಕೆ ನನ್ನನ್ನು ಬಿಡಲು ಬಂದವಳು ಅಣ್ಣನ ಮಗಳು ಅನು. ಸ್ಯಾನ್ ಡಿಯಾಗೋದ ಸ್ಕ್ರಿಪ್ಸ್ ರ್ಯಾಂಚಿನಲ್ಲಿರುವ ನಮ್ಮ ಮನೆಯಿಂದ ಎರಡೂವರೆ ಗಂಟೆಯ ದಾರಿ. ಟ್ರಾಫಿಕ್ಕಿನ ದಯೆಯಿಂದ ನಾಲ್ಕಾಯಿತು. ದಾರಿಯುದ್ದಕ್ಕೂ ಅವಳದು ಒಂದೇ ಮಾತು. "ಅತ್ತೆ, ಯು ಆರ್ ದಿ ಓನ್ಲಿ ಪರ್ಸನ್ ಹಿ ಲಿಸನ್ಸ್ ಟು. ಪ್ಲೀಸ್, ಬ್ರಿಂಗ್ ಹಿಮ್ ಹೋಮ್." ಇಲ್ಲೇ ಹುಟ್ಟಿ ಬೆಳೆದವಳು. ಕನ್ನಡವೆಲ್ಲ ಅರ್ಥವಾಗುತ್ತದೆ, ಬಾಯಿಗೆ ಬರುವುದು ಇಂಗ್ಲಿಷ್. ಅಣ್ಣ ನನ್ನ ಮಾತು ಕೇಳುತ್ತಾನೆಂಬುದು ನನಗೆ ಹೊಸ ಸುದ್ದಿ. ಆದರೂ ಹೂಂ ಅಂದೆ.

ಅಣ್ಣ ಪೊಮೊನಾದ ಕ್ಯಾಂಪಸ್ಸಿನಲ್ಲಿ ಮಣ್ಣಿನ ವಿಜ್ಞಾನ ಕಲಿಸುತ್ತಿದ್ದವನು. ನಿವೃತ್ತನಾದ, ಅತ್ತಿಗೆ ತೀರಿಕೊಂಡರು. ಕೋವಿಡ್ ಗಲಾಟೆ ಮುಗಿದ ಮೇಲೆ ಹಳೆಯ ವಿದ್ಯಾರ್ಥಿಯೊಬ್ಬರು ಕರೆದರೆಂದು ಒಂದು ತಿಂಗಳ ಮಟ್ಟಿಗೆ ಥಾಯ್‌ಲೆಂಡಿಗೆ ಹೋದವನು ಅಲ್ಲೇ ಮನೆ ಬಾಡಿಗೆಗೆ ಹಿಡಿದು ಕೂತುಬಿಟ್ಟ. ಬ್ಯಾಂಕಾಕ್ ಅಲ್ಲ, ಸಮುದ್ರದ ತೀರವೂ ಅಲ್ಲ. ಈಶಾನ್ಯ ದಿಕ್ಕಿನ ಒಂದು ಸಣ್ಣ ಊರು. ಹೋದ ಮಳೆಗಾಲದಲ್ಲಿ ಅಲ್ಲಿನ ಓಣಿಯಲ್ಲಿ ಜಾರಿ ಬಿದ್ದ. ಅಂದಿನಿಂದ ಅನುವಿಗೆ ನಿದ್ದೆಯಿಲ್ಲ. ಸ್ಯಾನ್ ಡಿಯಾಗೋದ ಯೂನಿವರ್ಸಿಟಿ ಸಿಟಿಯ ತನ್ನ ಅಪಾರ್ಟ್‌ಮೆಂಟಿನಲ್ಲಿ ಅವನಿಗೆಂದು ಕೋಣೆ ಸಿದ್ಧಮಾಡಿ, ಬರುವ ಟಿಕೆಟ್ಟನ್ನೂ ಬುಕ್ ಮಾಡಿದ್ದಳು. ನಾನು ರಿಟೈರಾದ ಡಾಕ್ಟರು. ಬಿದ್ದ ಮುದುಕರ ಕಥೆ ಮುಂದೆ ಹೇಗೆ ಹೋಗುತ್ತದೆಂದು ಬಲ್ಲೆ. ಅದಕ್ಕಿಂತ ಹೆಚ್ಚಿನ ಮಾತೆಂದರೆ, ನನ್ನನ್ನು ವಿಮ್ಮಿ ಎಂದು ಕರೆಯುವವರಲ್ಲಿ ಉಳಿದಿರುವವನು ಅವನೊಬ್ಬನೇ. ನನಗೂ ಅವನು ಹತ್ತಿರ ಬೇಕಾಗಿತ್ತು.

ತೈಪೆಯಲ್ಲಿ ವಿಮಾನ ಬದಲಿಸಿ ಬ್ಯಾಂಕಾಕ್ ಸೇರಿ ಒಂದು ರಾತ್ರಿ ಮಲಗಿ ಎದ್ದೆ. ಬೆಳಿಗ್ಗೆ ಆ ಕಡೆಯ ದೊಡ್ಡ ಊರಾದ ಖೋನ್ ಕೇನಿಗೆ ರೈಲು, ಹಗಲಿಡೀ ಪ್ರಯಾಣ. ನವೆಂಬರ್ ತಿಂಗಳು, ಮಳೆ ನಿಂತು ಗದ್ದೆಗಳಲ್ಲಿ ಕೊಯ್ಲು ನಡೆದಿತ್ತು. ಬುಟ್ಟಿ ಹಿಡಿದು ಬಂದವಳಿಂದ ಬಿದಿರಿನ ಕೊಳವೆಯಲ್ಲಿ ಬೇಯಿಸಿದ ಸಿಹಿ ಅನ್ನ ಕೊಂಡೆ. ಬಿದಿರು ಸುಲಿಯಲು ನಾನು ಒದ್ದಾಡುತ್ತಿದ್ದುದನ್ನು ನೋಡಲಾರದೆ ಎದುರಿನ ಸೀಟಿನ ಹೆಂಗಸು ತಾನೇ ಕಿತ್ತುಕೊಂಡು ಸುಲಿದುಕೊಟ್ಟಳು.

ಸ್ಟೇಷನ್ನಿನಲ್ಲಿ ಅಣ್ಣ ನಿಂತಿದ್ದ. ಕೋಲಿಲ್ಲ, ಕುಂಟಿಲ್ಲ, ಬಿಸಿಲಿಗೆ ಕಪ್ಪಾಗಿದ್ದ. "ಏನೇ ವಿಮ್ಮಿ, ಅರೆಸ್ಟ್ ಮಾಡಕ್ಕೆ ಬಂದ್ಯಾ?" ಅಂದ. "ಹೌದು, ವಾರಂಟ್ ತಂದಿದೀನಿ" ಅಂದೆ. ಅಲ್ಲಿಂದ ಒಂದೂವರೆ ಗಂಟೆ ಬಸ್ಸು, ಆಮೇಲೆ ನಮ್ಮ ಆಟೋದಂಥದ್ದೇ ಒಂದು ಬಂಡಿ.

ಓಣಿಯ ಬಾಯಲ್ಲೇ ಆರೇಳು ಜನ ಕಾದಿದ್ದರು. ನಡುವೆ ಎಂಬತ್ತು ದಾಟಿದ ಒಬ್ಬ ಹಿರಿಯಾಕೆ. ಎಲ್ಲರೂ ಆಕೆಯನ್ನು ಯಾಯಿ ಎನ್ನುತ್ತಾರೆ, ಅಂದರೆ ಅಜ್ಜಿ. ಅಣ್ಣನ ಮನೆಯ ಒಡತಿ, ಎದುರು ಮನೆಯಲ್ಲೇ ವಾಸ, ಇಡೀ ಓಣಿಗೆ ಹಿರಿತಲೆ. ಅವರು ಕೈಮುಗಿದರು. ಹಿರಿಯರು ಕಂಡರೆ ನಮ್ಮವರು ಮಾಡುವುದನ್ನೇ ನಾನೂ ಮಾಡಿದೆ, ಬಗ್ಗಿ ಎರಡೂ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಓಣಿ ಗಪ್‌ಚಿಪ್ಪಾಯಿತು. ಯಾಯಿ ನನ್ನ ಎರಡೂ ಕೈ ಹಿಡಿದೆತ್ತಿ, ನನ್ನ ಮುಖವನ್ನೂ ಅಣ್ಣನ ಮುಖವನ್ನೂ ನೋಡಿ ಒಳಗೆ ಹೋಗಿ ನೀರು ತಂದುಕೊಟ್ಟರು. ಪ್ರಯಾಣದ ದಣಿವಿನಲ್ಲಿ ನಾನದನ್ನು ಹೆಚ್ಚು ಗಮನಿಸಲಿಲ್ಲ.

ಅಣ್ಣನ ದಿನಚರಿ ನೋಡಿ ನನಗೆ ಹೊಟ್ಟೆಕಿಚ್ಚಾಯಿತು ಎಂದರೆ ಸುಳ್ಳಲ್ಲ. ಬೆಳಕು ಹರಿಯುವಾಗ ಬರಿಗಾಲಿನ ಭಿಕ್ಷುಗಳು ಸಾಲಾಗಿ ಬರುತ್ತಾರೆ. ಯಾಯಿಯ ಪಕ್ಕ ಮಂಡಿಯೂರಿ ಅಣ್ಣನೂ ಅವರ ಪಾತ್ರೆಗೆ ಅಂಟು ಅನ್ನದ ಉಂಡೆ ಹಾಕುತ್ತಾನೆ. ಆಮೇಲೆ ಮಾರ್ಕೆಟ್ಟು. ಅಲ್ಲಿನ ಅಡಿಗೆಗೆಲ್ಲ ಮೀನಿನ ಸಾರ ಬೀಳುತ್ತದೆ. ಆದರೆ ವ್ರತಸ್ಥರ ಅಡಿಗೆಯೂ ಒಂದುಂಟು. ಮಾಂಸ ಮೀನು ಇರಲಿ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಅಂಥ ಅಂಗಡಿಯ ಬೆಂಚಿನ ಮೇಲೆ ಅಣ್ಣನ ಜಾಗ ಖಾಯಂ. ದಾರಿಯಲ್ಲಿ ಸಿಕ್ಕವರೆಲ್ಲ ಊಟವಾಯಿತೇ ಎಂದೇ ಮಾತಾಡಿಸುತ್ತಾರೆ. ಸ್ಕ್ರಿಪ್ಸ್ ರ್ಯಾಂಚಿನಲ್ಲಿ ನಾನು ಅಕ್ಕಪಕ್ಕದವರನ್ನು ಗುರುತಿಸುವುದು ಅವರ ಗ್ಯಾರೇಜಿನ ಬಾಗಿಲಿನಿಂದ. ಇಲ್ಲಿ ಅಣ್ಣ ವಿದೇಶಿಯಾದ್ದರಿಂದ ಮೂರು ತಿಂಗಳಿಗೊಮ್ಮೆ ವಿಳಾಸ ತಿಳಿಸಲು ಇಮಿಗ್ರೇಷನ್ ಆಫೀಸಿಗೆ ಹೋಗಬೇಕು. ಅದಕ್ಕೂ ಯಾರಾದರೊಬ್ಬರು ಪಿಕಪ್ಪಿನಲ್ಲಿ ಕರೆದೊಯ್ಯುತ್ತಾರೆ. ಸಂಜೆ ಕೆರೆಯ ಪಕ್ಕ ಸ್ಪೀಕರ್ ಹಾಕಿ ಊರಿನ ಹೆಂಗಸರೆಲ್ಲ ಏರೋಬಿಕ್ಸ್ ಮಾಡುತ್ತಾರೆ. ಕೊನೆಯ ಸಾಲಿನಲ್ಲಿ, ಪೊಮೊನಾದಲ್ಲಿ ಮೆಟ್ಟಿಲು ಕಂಡರೆ ಲಿಫ್ಟ್ ಹುಡುಕುತ್ತಿದ್ದ ನಮ್ಮಣ್ಣ ಎರಡು ಕೈ ಮೇಲೆತ್ತಿ ಕುಣಿಯುತ್ತಿದ್ದ. ನಗುತ್ತಾ ನಗುತ್ತಾ ನಾನೂ ಸೇರಿಕೊಂಡೆ.

ಬಿದ್ದಾಗ ಏನಾಯಿತೆಂದು ವಿಚಾರಿಸಿದೆ. ಜಿಲ್ಲಾ ಆಸ್ಪತ್ರೆಗೆ ಒಯ್ದಿದ್ದರು, ಎಕ್ಸ್‌ರೇ ಸರಿಯಿತ್ತು. ಫಿಲ್ಮನ್ನು ನಾನೇ ಬೆಳಕಿಗೆ ಎತ್ತಿ ಹಿಡಿದು ನೋಡಿದೆ, ತಕರಾರಿಲ್ಲ. ಅಷ್ಟಕ್ಕೇ ಬಿಡಲಿಲ್ಲವಂತೆ. ಬೆಚ್ಚಿಬಿದ್ದವರ ಜೀವದ ಕಳೆ ಬಿದ್ದ ಜಾಗದಲ್ಲೇ ಉಳಿದುಬಿಡುತ್ತದೆ ಎಂದು ಆ ಕಡೆಯವರ ನಂಬಿಕೆ. ಯಾಯಿ ಓಣಿಯವರನ್ನು ಕಟ್ಟಿಕೊಂಡು, ಮೀನು ಹಿಡಿಯುವ ಬಲೆಯಲ್ಲಿ ಅಣ್ಣನ ಅಂಗಿ ಇಟ್ಟು, ಅವನು ಜಾರಿದ ಕೆಸರಿನ ಮೇಲೆ ಆ ಬಲೆಯಾಡಿಸಿ ಕಳೆಯನ್ನು ಗೋರಿ ಮನೆಗೆ ತಂದರಂತೆ.

"ಸೈನ್ಸ್ ಕಲಿಸಿದವನು, ನಾಚಿಕೆ ಆಗಲಿಲ್ವಾ?" ಅಂದೆ.

"ಇಲ್ಲ ಕಣೇ. ಮಳೆಯಲ್ಲಿ ನೆನ್ಕೊಂಡು ನನ್ನ ಹುಡುಕ್ತಾ ಇದ್ರು" ಅಂದ.

ಬಂದ ಕೆಲಸದ ಮಾತು ತೆಗೆದದ್ದು ಮರುದಿನ. ವಾದವನ್ನೆಲ್ಲ ವಿಮಾನದಲ್ಲೇ ಬಾಯಿಪಾಠ ಮಾಡಿದ್ದೆ. ಒಂದೂ ಬೇಕಾಗಲಿಲ್ಲ.

"ನೀನು ಕೇಳಿ ಆಯ್ತಲ್ಲ. ಬರ್ತೀನಿ" ಅಂದ.

"ನಾನೆಲ್ಲಿ ಕೇಳಿದೆ?"

"ಬಂದ ದಿನ ಯಾಯಿ ಕಾಲಿಗೆ ಬಿದ್ಯಲ್ಲ. ಇಲ್ಲಿ ಅದನ್ನ ಕಂಡೋರಿಗೆಲ್ಲ ಮಾಡಲ್ಲ ವಿಮ್ಮಿ. ಹೆತ್ತೋರಿಗೆ, ಭಿಕ್ಷುಗಳಿಗೆ ಮಾಡ್ತಾರೆ. ಬೇರೆಯವರಿಗೆ ಅಂದ್ರೆ ಕ್ಷಮೆ ಕೇಳಕ್ಕೆ, ಇಲ್ಲಾ ಏನಾದ್ರೂ ದೊಡ್ಡದು ಬೇಡಕ್ಕೆ. ಪ್ರಪಂಚದ ಆ ತುದಿಯಿಂದ ತಂಗಿ ಬಂದು ಎಲ್ಲರ ಎದುರು ಕಾಲು ಹಿಡಿದ್ಲು. ಏನು ಬೇಕು ಅಂತ ಅವರು ಕೇಳೋದೇ ಬೇಡವಾಯ್ತು. ಕೊಟ್ಟುಬಿಟ್ಟಿದಾರೆ ನನ್ನ. ಶನಿವಾರ ದಾರ ಕಟ್ಟಿ ಕಳಿಸ್ತಾರಂತೆ."

"ಸುಮ್ನೆ ನಮಸ್ಕಾರ ಮಾಡಿದ್ದು ಅಂತ ನೀನು ಹೇಳ್ಬೇಕಿತ್ತು!"

"ಹೇಳ್ಬಹುದಿತ್ತು. ಆದ್ರೆ ನೀನು ಬಂದಿದ್ದು ಅದಕ್ಕೇ ಅಲ್ವಾ?"

ಅದಕ್ಕೇ. ಹಾಗಾಗಿ ನಾನೂ ಸುಮ್ಮನಾದೆ. ಅನುವಿಗೆ ಫೋನ್ ಮಾಡಿ ಅಪ್ಪ ಒಪ್ಪಿದ ಎಂದೆ. ಆ ಹುಡುಗಿ ಸಂತೋಷಕ್ಕೆ ಅತ್ತೇಬಿಟ್ಟಳು. ನನಗೂ ಖುಷಿಯಾಗಬೇಕಿತ್ತು. ಆದರೆ ಅಂದಿನಿಂದ ಓಣಿಯವರು ಒಬ್ಬೊಬ್ಬರಾಗಿ ಬಂದು ಅಣ್ಣನ ಸಾಮಾನು ಕಟ್ಟತೊಡಗಿದರು. ಒಬ್ಬರಾದರೂ ನನ್ನತ್ತ ಮುಖ ಗಂಟಿಕ್ಕಿ ನೋಡಲಿಲ್ಲ. ನನ್ನ ಪಾಲಿನ ಊಟವೂ ದಿನಾ ತಪ್ಪದೆ ಬರುತ್ತಿತ್ತು. ಯಾರಾದರೂ ಬೈದಿದ್ದರೆ ಹಗುರವಾಗುತ್ತಿತ್ತು.

ಶನಿವಾರ ಬೆಳಿಗ್ಗೆ ಯಾಯಿಯ ಅಂಗಳದಲ್ಲಿ ಚಾಪೆ ಹಾಸಿದರು. ನಡುವೆ ಬಾಳೆಯೆಲೆ ಮಡಿಸಿ ಕಟ್ಟಿದ ಗೋಪುರ, ಚೆಂಡುಹೂವು, ಬೇಯಿಸಿದ ಮೊಟ್ಟೆ, ಬಿಳಿಯ ನೂಲಿನ ಎಳೆಗಳು. ಎಲ್ಲರೂ ಸುತ್ತ ಕೂತರು. ಯಾಯಿ ಅಣ್ಣನ ಕೈ ಹಿಡಿದು, ಅವನ ಜೀವದ ಕಳೆಯನ್ನು ಕರೆದು ರಾಗವಾಗಿ ಹೇಳತೊಡಗಿದರು. ಅಣ್ಣ ಮೆಲ್ಲಗೆ ನನಗೆ ಕನ್ನಡದಲ್ಲಿ ತಿಳಿಸುತ್ತಿದ್ದ.

"ಕೆರೆ ಹತ್ರ ನಿಲ್ಲಬೇಡ ಅಂತಿದಾರೆ. ಮಾರ್ಕೆಟ್ಟಲ್ಲೂ ನಿಲ್ಲಬೇಡ. ತಂಗಿ ಹಿಂದೆ ಹೋಗು, ಮಗಳ ಮನೆಗೆ ಹೋಗು. ನನ್ನ ಅಡಿಗೆಮನೆ ಬಾಗಿಲಲ್ಲಿ ಬಂದು..."

ಅಷ್ಟಕ್ಕೆ ಅವನು ಹೇಳುವುದನ್ನು ನಿಲ್ಲಿಸಿದ. ಯಾಯಿ ನಿಲ್ಲಿಸಲಿಲ್ಲ. ಕೆನ್ನೆ ಮೇಲೆ ನೀರು ಇಳಿಯುತ್ತಿದ್ದರೂ ಒಂದು ಮಾತನ್ನೂ ಬಿಡದೆ ಹೇಳಿ ಮುಗಿಸಿ, ಅವನ ಮಣಿಕಟ್ಟಿಗೆ ಮೊದಲ ಎಳೆ ಕಟ್ಟಿದರು.

ಒಬ್ಬೊಬ್ಬರೂ ಒಂದೆಳೆ ಕಟ್ಟಿ ಹರಸಿ ಸರಿದರು. ನನ್ನ ಸರದಿ ಬಂತು. ನೂಲು ಸುತ್ತಿ ಗಂಟು ಹಾಕುತ್ತಾ, "ಅಣ್ಣ, ನೀನು ಇಲ್ಲೇ ಇರು" ಅಂದೆ. "ನಾನು ಬೇಡಿದ್ದನ್ನ ವಾಪಸ್ ಕೊಡ್ತಿದೀನಿ ಅಂತ ಅವರಿಗೆ ಹೇಳು."

"ಅನುಗೆ?"

"ನಾನು ಹೇಳ್ಕೋತೀನಿ. ಮೊದ್ಲು ಇವರಿಗೆ ಹೇಳು."

ಅವನು ಹೇಳಿದ. ಯಾಯಿ ನನ್ನತ್ತ ತಿರುಗಿದರು. ಕಾಲಿಗೆ ಬೀಳೋಣವೆನ್ನಿಸಿತು, ಮತ್ತೆ ಇನ್ನೇನು ಅರ್ಥವಾದೀತೋ ಎಂದು ಹೆದರಿ ಕೈಮುಗಿದೆ ಅಷ್ಟೆ. ಆಕೆ ಕಣ್ಣೊರೆಸಿಕೊಂಡು, ಹಾಗಾದರೆ ಎಲ್ಲರೂ ಊಟಕ್ಕೆ ಏಳಿ ಅಂದರು.

ನಾನು ಯಾಯಿಯ ಕಾಲಿಗೆ ಬಿದ್ದದ್ದರಿಂದ ಹಿಡಿದು ಎಲ್ಲವನ್ನೂ ಫೋನಿನಲ್ಲಿ ಕೇಳಿದ ಅನು ಕಟ್ ಮಾಡಿದಳು. ಆದರೂ ನಾನಿಳಿದ ದಿನ ಲಾಸ್ ಏಂಜಲೀಸಿಗೆ ಬಂದಿದ್ದಳು. ಪೆಟ್ಟಿಗೆಯನ್ನು ಕಾರಿಗೆ ಹಾಕಿ, ದಕ್ಷಿಣಕ್ಕೆ ಡ್ರೈವ್ ಮಾಡಿದಳು. ಓಷನ್‌ಸೈಡ್ ಇನ್ನೇನು ಬರಬೇಕು, ಬಲಗಡೆ ಸಮುದ್ರ ಕಾಣುತ್ತಿತ್ತು, ಆಗ ಬಾಯಿ ಬಿಟ್ಟಳು.

"ಇಫ್ ಐ ಗೋ ಅಂಡ್ ಆಸ್ಕ್ ಹರ್, ವಿಲ್ ಶಿ ಗಿವ್ ಹಿಮ್ ಟು ಮಿ?"

"ಕೊಡ್ತಾರೆ ಕಣೇ. ಮಗಳು ಕೇಳಿದ್ರೆ ಎದುರು ಮಾತಾಡದೆ ಕೊಟ್ಟುಬಿಡ್ತಾರೆ. ಅದಕ್ಕೇ ಹೇಳ್ತಿದೀನಿ. ಹೋಗು, ಅಪ್ಪನ ಹತ್ರ ಇದ್ದು ಬಾ. ಕೇಳ್ಬೇಡ."

ಅವಳು ಮುಂದೆ ಸಿಕ್ಕ ರೆಸ್ಟ್ ಏರಿಯಾಕ್ಕೆ ಕಾರು ತಿರುಗಿಸಿ ನಿಲ್ಲಿಸಿ, ಸ್ಟೀರಿಂಗಿನ ಮೇಲೆ ತಲೆಯಿಟ್ಟಳು. ನನಗೂ ಅಳು ತಡೆಯಲಾಗಲಿಲ್ಲ.