ಹಳದಿ ಟವೆಲು

ಕಿನುಯೊ ಕಡಲಂಚಿನ ಆ ಊರಿಗೆ ಸೊಸೆಯಾಗಿ ಬಂದಾಗ ಸರಕಾರ ಹೇಳುವ ಸುನಾಮಿ ಇಷ್ಟು ಎತ್ತರವಿರಲಿಲ್ಲ. ಹೊಸ ಕರಪತ್ರ ಬಂದಾಗಲೆಲ್ಲ ಬೆಳೆಯುತ್ತಾ ಹೋಗಿ, ಈಗ ಶಾಲೆಯ ಮಹಡಿಯನ್ನೂ ನುಂಗುವಷ್ಟಾಗಿತ್ತು.

“ಹೆದರ್ಸೋದು ಅವ್ರ ಕೆಲ್ಸ, ಹೆದರೋದು ನಮ್ಮ ಕೆಲ್ಸ. ಅಷ್ಟು ದೊಡ್ಡ ಅಲೆ ಬಂದ್ರೆ ಓಡೋದ್ಯಾಕೆ? ಕೂತಲ್ಲೇ ಸಾಯೋದು ಸುಲಭ,” ಎನ್ನುತ್ತಿದ್ದಳು ಅತ್ತೆ ಶಿಗೆನೊ. ತೊಂಬತ್ತು ದಾಟಿದ ಮುದುಕಿಯ ಕಾಲು ನಡೆಯುತ್ತಿರಲಿಲ್ಲ. ನಾಲಿಗೆ ಮಾತ್ರ ಓಡುತ್ತಿತ್ತು.

ವರ್ಷಕ್ಕೊಮ್ಮೆ ತಾಲೀಮು. ಸೈರನ್ ಕೂಗಿದೊಡನೆ ಎಲ್ಲರೂ ಗುಡ್ಡ ಹತ್ತಬೇಕು. ಮನೆಯವರೆಲ್ಲ ಕ್ಷೇಮವಾಗಿ ಹೊರಬಿದ್ದರೆ ಬಾಗಿಲಿಗೆ ಹಳದಿ ಟವೆಲು ಕಟ್ಟಬೇಕು. ಹುಡುಕುವವರು ಆ ಮನೆಯನ್ನು ಬಿಟ್ಟು ಮುಂದೆ ಹೋಗುತ್ತಾರೆ. ಹೆಂಗಸರಿಗೆ ಮಾತ್ರ ಈ ಓಟವಿಲ್ಲ. ಅವರು ನಸುಕಿನಲ್ಲೇ ಗುಡ್ಡದ ಮೇಲೆ ಹಂಡೆ ಹೂಡಿ, ಮೂಲಂಗಿ ಹೆಚ್ಚಿ, ಹಂದಿಮಾಂಸದ ಸಾರು ಕುದಿಸಬೇಕು. ಓಡಿ ಬಂದವರಿಗೆ ಹಸಿವಾಗಿರುತ್ತದಲ್ಲ! ಇಷ್ಟು ವರ್ಷಗಳಲ್ಲಿ ಕಿನುಯೊ ಒಮ್ಮೆಯೂ ಓಡಿ ನೋಡಿರಲಿಲ್ಲ.

ಆ ವರ್ಷ ಹೊರಡುವಾಗ, ಗಂಡ ಇಸಾಮು ಮರೆತಾನೆಂದು ಟವೆಲನ್ನೂ ತಾನೇ ಕಟ್ಟಿದಳು.

“ರೀ, ಅತ್ತೇನ ಗಾಲಿಕುರ್ಚೀಲಿ ಕರ್ಕೊಂಡು ಬನ್ನಿ.”

“ಹೂಂ,” ಎಂದ ಇಸಾಮು, ಹೊದಿಕೆಯೊಳಗಿಂದಲೇ.

ಆ ಸಲ ಕೇರಿಯ ಟವೆಲು ಎಣಿಸುವ ಪಾಳಿ ಅವನದು. ಸೈರನ್ ಕೂಗಿದ ಮೇಲೆ ಗುಡ್ಡ ಹತ್ತಿ ಬಂದವನೇ ಮೈಕು ಹಿಡಿದು ಸಾರಿದ: “ನಮ್ಮ ಕೇರೀಲಿ ಎಲ್ಲಾ ಬಾಗಿಲಿಗೂ ಟವೆಲಿದೆ. ಎಲ್ಲರೂ ಕ್ಷೇಮ!” ಚಪ್ಪಾಳೆ ಬಿತ್ತು. ಅತ್ತೆಗೆಂದು ಮೂಲಂಗಿ ಹಿಸುಕಿಟ್ಟ ಸಾರಿನ ಬಟ್ಟಲು ಹಿಡಿದು ಕಿನುಯೊ ಸುತ್ತಲೂ ನೋಡಿದಳು.

“ಅತ್ತೆ ಎಲ್ಲಿ?”

“ನಾನು ಬೇಗ ಎದ್ದು ಟವೆಲ್ ಎಣಿಸೋಕೆ ಹೋದೆ, ಹೊರಡುವಾಗ ನಮ್ಮ ಬಾಗಿಲು ನೋಡ್ಲಿಲ್ಲ. ವಾಪಸ್ ಬಂದಾಗ ಟವೆಲ್ ಕಟ್ಟಿತ್ತಲ್ಲ, ನೀನೇ ಬಂದು ಕರ್ಕೊಂಡು ಹೋಗಿದೀಯ ಅಂದ್ಕೊಂಡೆ. ಬಿಡು, ತಾಲೀಮು ತಾನೇ? ನಿಜವಾದ ದಿನ ಹೀಗಾಗಲ್ಲ.”

ಅವಳು ಕೆಳಗೆ ಓಡಿದಳು. ಸಾರು ದಾರಿಯುದ್ದಕ್ಕೂ ಚೆಲ್ಲಿತು.

ಶಿಗೆನೊ ಹೊಸ್ತಿಲ ಬಳಿ ಕೂತಿದ್ದಳು. ಕಾಲಿಗೆ ಶೂ, ತಲೆಗೆ ಪೆಟ್ಟು ತಾಗದಂತೆ ದಪ್ಪ ಹತ್ತಿಯ ಕುಲಾವಿ. ಹಾಸಿಗೆಯಿಂದ ತೆವಳಿಕೊಂಡೇ ಬಂದಿರಬೇಕು.

“ನಾಟಕ ಅಂತ ಗೊತ್ತು ಕಣೆ. ಆದ್ರೂ ಯಾರಾದ್ರೂ ಬಾಗಿಲು ತಟ್ತಾರೇನೋ ಅಂತ…” ಮುದುಕಿ ಶೂಗಳನ್ನೇ ನೋಡುತ್ತಿದ್ದಳು. “ಹೆಜ್ಜೆ ಸದ್ದು ಬಂತು. ‘ಇಲ್ಲಿ ಟವೆಲಿದೆ’ ಅಂದ್ರು. ನನ್ನ ಮಗನ ದನೀನೇ.”

ಕಿನುಯೊ ಆ ಟವೆಲನ್ನು ಬಿಚ್ಚಿ ನೆಲ ಒರೆಸಲು ಹಾಕಿಕೊಂಡಳು.

ಮುಂದಿನ ಬೇಸಿಗೆಯಲ್ಲಿ ಎಲ್ಲೋ ದೂರ ಭೂಮಿ ನಡುಗಿತು. ಮಹಾಕಂಪ ಆಗಲೂಬಹುದು, ಆಗದೆಯೂ ಇರಬಹುದು, ಎಚ್ಚರದಿಂದಿದ್ದು ಎಂದಿನಂತೆ ಬದುಕಿ ಎಂದಿತು ಸರಕಾರ. ಅಂಗಡಿಗಳಲ್ಲಿ ನೀರು, ಅಕ್ಕಿ ಖಾಲಿಯಾದವು. ಕೇರಿಯ ಮುಖ್ಯಸ್ಥ ಹಮಾದಾ ಬಾಗಿಲಿಗೆ ಬಂದ.

“ಅಕ್ಕಾ, ಸಾರಿನ ಹಂಡೆ ತೊಳೆದಿಡಿ.”

“ಅಲೆ ಬಂದ್ರೆ ಹಂಡೆ ನಮ್ಮತ್ತೇನ ಹೊತ್ಕೊಂಡು ಹೋಗುತ್ತಾ, ಹಮಾದಾ ಅವ್ರೇ?”

ಸೈರನ್ ಕೂಗುವ ಮೊದಲೇ ಒಮ್ಮೆ ಹತ್ತಿ ನೋಡೋಣವೆಂದು, ಮಕ್ಕಳನ್ನು ಬೆನ್ನಿಗೆ ಕಟ್ಟಿಕೊಳ್ಳುತ್ತಿದ್ದ ಹಳೆಯ ಪಟ್ಟಿ ಹುಡುಕಿ ತೆಗೆದು, ಅತ್ತೆಯನ್ನು ಬಿಗಿದುಕೊಂಡು ಅವಳು ಗುಡ್ಡದ ಮೆಟ್ಟಿಲು ಹತ್ತಿದಳು. ಅರ್ಧ ದಾರಿಗೆ ಮೆಟ್ಟಿಲ ಮೇಲೆ ಕೈಯೂರಿ ನಿಂತಳು.

“ಇಲ್ಲೇ ಬಿಡೇ ಮಾರಾಯ್ತಿ.”

“ಸುಮ್ನಿರಿ ಅತ್ತೆ, ಉಸಿರು ಬರ್ಲಿ.”

ಮೆಟ್ಟಿಲ ಬುಡದಲ್ಲಿ ಇಸಾಮು ನಿಂತಿದ್ದ, ಕೈಯಲ್ಲಿ ಹೊಸ ಹಳದಿ ಟವೆಲು. “ಇದನ್ನ ಕಟ್ಲಾ?” ಎಂದು ಕೂಗಿದ.

“ಅದನ್ನ ಬಿಸಾಕಿ ಮೇಲೆ ಬನ್ನಿ! ಇನ್ನರ್ಧ ದಾರಿ ನಿಮ್ಮಮ್ಮ ನಿಮ್ಮ ಬೆನ್ನಿಗೆ.”

ಅವನು ಟವೆಲನ್ನೊಮ್ಮೆ, ಮೆಟ್ಟಿಲುಗಳನ್ನೊಮ್ಮೆ ನೋಡುತ್ತಾ ನಿಂತೇ ಇದ್ದ.